ಸುಳಿವು ಕೇಳದ ಖಾಲಾ

ಫೋನಿನ ಹುಡುಕಾಟದ ಆಟಗಳ ವಿಷಯದಲ್ಲಿ ಸ್ಫಾಕ್ಸ್ ಊರಿನ ಒಂದು ಓಣಿಗೆಲ್ಲ, ಅಲ್ಲಿನವರೆಲ್ಲರಿಗೂ ಚಿಕ್ಕಮ್ಮನಂತಿರುವ ಬಹೀಜಾ ಖಾಲಾ ಹೇಳಿದ್ದೇ ತೀರ್ಪು. ಚಿತ್ರದ ಕೋಣೆಯೊಳಗೆ ಅಡಗಿಸಿಟ್ಟ ಕತ್ತರಿ, ಕೀಲಿಕೈ, ಬೆಕ್ಕುಗಳನ್ನೆಲ್ಲ ಮೀನಿನ ಸಾರು ಕುದಿಯುವಷ್ಟರಲ್ಲಿ ಹೆಕ್ಕಿ ಮುಗಿಸಿ, ಅಭಿಪ್ರಾಯ ಬರೆಯುವ ಜಾಗದಲ್ಲಿ ಆ ಚಿತ್ರದ ಮನೆಯೊಡತಿಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ: ‘ಆಟ ಸೊಗಸಾಗಿದೆ, ಮನಸ್ಸು ಹಗುರಾಯ್ತು, ಐದು ನಕ್ಷತ್ರ. ಆದ್ರೆ ಹಾಸಿಗೆ ಮೇಲೆ ಬಾಣಲೆ ಇಡೋಳು ಎಂಥ ಹೆಂಗಸು?’ ಸುಳಿವಿನ ಗುಂಡಿ ಒತ್ತುವವರನ್ನು ಕಂಡರಂತೂ ಆಕೆಗೆ ಮೈಯೆಲ್ಲ ಉರಿ. ‘ಖಾಲಾ, ಒಂದೇ ಒಂದು ಸುಳಿವು,’ ಎಂದು ಪಕ್ಕದ ಮನೆಯ ಸೊಸೆ ರೀಮ್ ಗೋಗರೆದರೆ, ‘ದೇವ್ರು ಎರಡು ಕಣ್ಣು ಕೊಟ್ಟಿರೋದು ಬರೀ ಸುರ್ಮಾ ಹಚ್ಚೋಕೇನೇ? ಸಮಾಧಾನವಾಗಿ ನೋಡು, ತಾನಾಗೇ ಕಾಣ್ಸತ್ತೆ,’ ಎಂದು ಗದರುತ್ತಾಳೆ. ಈಚೆಗೆ ಗಂಡ ಹಮಾದಿಗೆ ಮರೆವು ಹತ್ತಿದೆ. ತಾನೇ ಎಲ್ಲೋ ಇಟ್ಟ ಕನ್ನಡಕಕ್ಕಾಗಿ ಮನೆಯೆಲ್ಲ ತಡಕಾಡುತ್ತಾನೆ. ಮೊನ್ನೆ ಕುಸ್ಕುಸ್ ರವೆಯ ಡಬ್ಬಿಯ ಮುಚ್ಚಳದಡಿಯಿಂದ ಕನ್ನಡಕದ ಕಡ್ಡಿ ಇಣುಕುತ್ತಿದ್ದುದು ಅಡುಗೆಮನೆಗೆ ಕಾಲಿಟ್ಟೊಡನೆ ಆಕೆಗೆ ಕಂಡಿತ್ತು. ಆದರೂ ಹೇಳಲಿಲ್ಲ. ‘ರೀ, ಕುಸ್ಕುಸ್ ಎಷ್ಟು ಉಳಿದಿದೆ ಅಂತ ಸ್ವಲ್ಪ ಡಬ್ಬಿ ನೋಡ್ತೀರಾ?’ ಎಂದಳು. ಮುಚ್ಚಳ ತೆಗೆದವನು ‘ಸಿಕ್ತು ಕಣೇ!’ ಎಂದು ಮಗುವಿನಂತೆ ಕೂಗಿದ. ‘ನಿಮ್ಮ ಕಣ್ಣೇ ಕಣ್ಣು ಬಿಡಿ,’ ಎಂದಳು ಬಹೀಜಾ, ‘ನಾನಾಗಿದ್ರೆ ಸುಳಿವು ಕೇಳ್ತಿದ್ದೆ.’