ಅಣ್ಣನಿಗೆ ಮತ್ತೊಮ್ಮೆ ಹೆಸರಿಟ್ಟ ದಿನ

ಪುರೋಹಿತರ ಮನೆಯೆಂದ ಮೇಲೆ ಜಂತಿಗೆ ದರ್ಭೆಯ ಕಟ್ಟು ತೂಗುತ್ತಿರಲೇಬೇಕು. ಬೈಲಹೊಂಗಲದ ನಮ್ಮ ಮನೆಯಲ್ಲಿ ಅದರಿಂದ ಉದುರುವ ಕಡ್ಡಿಗಳನ್ನು ಗುಡಿಸುವುದು ನನ್ನ ಪಾಲಿನ ಕೆಲಸ. ಎಪ್ಪತ್ತರ ದಶಕದ ಆರಂಭದಲ್ಲಿ ಒಂದು ಬೆಳಿಗ್ಗೆ ಅಪ್ಪ ಅದೇ ಹುಲ್ಲಿನಿಂದ ಮನುಷ್ಯನ ಆಕೃತಿ ಹೆಣೆದು, ನನ್ನ ಅಣ್ಣ ವಾಮನನೆಂದು ಅದನ್ನು ಸುಟ್ಟರು. ಹುಡುಗನಿದ್ದಾಗ ಸವದತ್ತಿಯ ಬಸ್ಸು ಹತ್ತಿ ಹೋದವನು ಹನ್ನೆರಡು ವರ್ಷ ಸುದ್ದಿಯಿಲ್ಲದೆ ಉಳಿದರೆ, ಶಾಸ್ತ್ರದ ಪ್ರಕಾರ ಅವನು ತೀರಿಹೋದವನೇ. ಅವ್ವ ಅಂದು ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ನಾನು ಮಾತ್ರ ಹುಡುಕುವುದನ್ನು ಬಿಡಲಿಲ್ಲ. ಕೆಲವು ವರ್ಷಗಳ ಬಳಿಕ ಕಟಕೋಳದ ಹಿಟ್ಟಿನ ಗಿರಣಿಯಲ್ಲಿ ಅವನು ಸಿಕ್ಕ. ಅಪ್ಪನದೇ ಮೂಗು, ಅಪ್ಪನದೇ ನಡಿಗೆ!

"ಜ್ವರ ಬಂದು ಹಿಂದಿನದೆಲ್ಲಾ ಮರತೈತ್ರಿ. ನನ್ನವರು ಯಾರಂತ ಗೊತ್ತಿಲ್ಲ," ಎಂದ.

"ನಮ್ಮ ಹಿತ್ತಲದಾಗ ದಾಳಿಂಬ್ರಿ ಗಿಡ ಇತ್ತಲ್ಲ?"

"ಹೂಂ, ಇತ್ರಿ."

"ನಾ ಅತ್ತರ ಹೆಗಲ ಮ್ಯಾಲೆ ಕೂಡಿಸ್ಕೋತಿದ್ದಿಯಲ್ಲ?"

"ಹೌದ್ರಿ, ಕೂಡಿಸ್ಕೋತಿದ್ದೆ."

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನನ್ನು ಕರೆದುಕೊಂಡು ಬಸ್ಸಿನಲ್ಲಿ ಮರಳುವಾಗಲಷ್ಟೇ ನನಗೆ ಹೊಳೆಯಿತು: ಅವನ ಒಂದೊಂದು ಉತ್ತರವೂ ನನ್ನ ಪ್ರಶ್ನೆಯೊಳಗೇ ಇತ್ತು.

ಕರ್ಮ ಮುಗಿದವನು ಬಂದರೆ ಹಾಗೆಯೇ ಮನೆಯೊಳಗೆ ಸೇರಿಸಿಕೊಳ್ಳುವಂತಿಲ್ಲ ಎಂದರು ಅಪ್ಪ. ಅವನು ಮತ್ತೆ ಹುಟ್ಟಬೇಕು, ತೊಟ್ಟಿಲ ಕೂಸಿಗೆ ಮಾಡುವ ಸಂಸ್ಕಾರಗಳೆಲ್ಲ ಮೊದಲಿನಿಂದ ಆಗಬೇಕು. ನೋಡಿ, ಹನ್ನೆರಡು ವರ್ಷಕ್ಕೆ ಲೆಕ್ಕ ಮುಗಿಸಿಬಿಡುವಷ್ಟು ಕಟುವಾದ ಅದೇ ಶಾಸ್ತ್ರ, ಸತ್ತವನು ಬಂದಾನೆಂದು ಬಾಗಿಲನ್ನೂ ತೆರೆದಿಟ್ಟಿತ್ತಲ್ಲ!

ನಾಮಕರಣದ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚುವಾಗ ಅವನ ಕಿವಿ ಕಂಡೆ. ವಾಮನನ ಕಿವಿಯಲ್ಲಿ ಎಳವೆಯಿಂದಲೂ ಬಂಗಾರದ ಬಾಳಿ ಇತ್ತು. ಇವನ ಹಾಲೆಯಲ್ಲಿ ಚುಚ್ಚಿದ ಗುರುತೇ ಇಲ್ಲ. ಯಾರಿಗೂ ಹೇಳದೆ ಎಣ್ಣೆ ಹಚ್ಚುವುದನ್ನೇ ಮುಂದುವರಿಸಿದೆ. ಹೊರಗೆ ಅವ್ವ ಹೊಸ ಸೀರೆಯುಟ್ಟು ಕಾಯುತ್ತಿದ್ದಳು.

"ಕಿವ್ಯಾಗ ನೀನ ಹೆಸರು ಹೇಳು," ಎಂದು ಅಪ್ಪ ಅವ್ವನಿಗೆ ಹೇಳಿದರು. ಅವಳು ಬಾಗಿ ಅವನ ಬಲಗಿವಿಯನ್ನು ಹಿಡಿದಳು. ಹೆಬ್ಬೆರಳು ಹಾಲೆಯ ಮೇಲೆ ಒಮ್ಮೆ ಆಡಿ ಅಲ್ಲಿಯೇ ನಿಂತುಬಿಟ್ಟಿತು. ಬಹಳ ಹೊತ್ತಿನ ಮೇಲೆ ಅವಳು, "ವಾಮನಾ," ಎಂದಳು. ಅಷ್ಟು ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅತ್ತ.

ಎಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ, "ಅವ್ವಾ, ಅವನ ಕಿವಿ ನೋಡಿದ್ಯೇನು?"

"ನೋಡೀನಿ," ಎಂದಳು ಅವ್ವ, ಒಲೆಯ ಕಡೆಗೇ ಮುಖಮಾಡಿ. "ಈಗ ಹುಟ್ಟಿದ ಕೂಸಿಗೆ ಯಾರರ ಕಿವಿ ಚುಚ್ಚಿರತಾರೇನು? ನಾಳೆ ಕಿವಿ ಚುಚ್ಚಲಿಕ್ಕೆ ಪತ್ತಾರನ್ನ ಕರಸು."