ಮಹಡಿ ಮನೆಯಾಕೆಯ ಗಂಟಲು

ನಮ್ಮ ಮಹಡಿ ಮನೆಯಾಕೆಯ ಗಂಟಲಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಮೆಟ್ಟಿಲ ಬುಡದಲ್ಲೇ "ರೀ, ನಾನೇ ಬರ್ತಿದೀನಿ!" ಎಂದು ಶುರು ಮಾಡಿದರೆ ಮನೆಯೊಳಗೆ ಕಾಲಿಡುವವರೆಗೂ ನಿಲ್ಲಿಸುವವಳಲ್ಲ. "ರೀ, ಈಗ ಕುಕ್ಕರ್ ಕೂಗುತ್ತೆ!" ಎಂದು ಆಕೆ ಕೂಗಿದ ಮೇಲೆ ಕುಕ್ಕರೇ ನಾಚಿ ಮೆಲ್ಲಗೆ ಉಸಿರು ಬಿಡುತ್ತದೆ. ಯುದ್ಧ ಮುಗಿಸಿ ಬಂದ ಗಂಡ ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಾನೆಂದು, ಪ್ರತಿ ಸದ್ದನ್ನೂ ಅದು ಹುಟ್ಟುವ ಮೊದಲೇ ಸಾರಿಬಿಡುವುದು ಆಕೆಯ ಪದ್ಧತಿ. "ಸ್ವಲ್ಪ ಮೆತ್ತಗೆ ಮಾತಾಡಮ್ಮ, ನಿದ್ದೆ ಕೆಡುತ್ತೆ" ಎಂದ ಮನೆ ಮಾಲೀಕರಿಗೆ, "ನಿಮಗೆ ನಿದ್ದೆ ಬರ್ಲಿ ಅಂತ ಇವರು ಗಡೀಲಿ ನಿದ್ದೆಗೆಟ್ರು. ಈಗ ಸ್ವಲ್ಪ ನೀವು ನಿದ್ದೆಗೆಡಿ!" ಎಂದಳು, ಇನ್ನಷ್ಟು ದನಿಯೇರಿಸಿ. ಬೀದಿಯಲ್ಲಿ ಪಟಾಕಿ ಹಚ್ಚಲು ಬಂದವರು ಆಕೆ ಕಿಟಕಿಯಲ್ಲಿ ಕಂಡರೆ ಸಾಕು, ಪಟಾಕಿ ಸಮೇತ ದೂರದ ಮೈದಾನಕ್ಕೆ ನಡೆಯುತ್ತಾರೆ. ಆದರೆ ತಟ್ಟೆ ಹೇಳಿ ಕೇಳಿ ಬೀಳುವುದಿಲ್ಲವಲ್ಲ. ಮೊನ್ನೆ ಸಕ್ಕರೆ ಕೇಳಲು ಹೋದಾಗ ಅಡುಗೆಮನೆಯಲ್ಲಿ ಆಗಷ್ಟೇ ಒಂದು ಬಿದ್ದಿತ್ತು. ಗಂಡ ಊಟದ ಮೇಜಿನ ಕೆಳಗೆ ಮುದುಡಿ ಕೂತಿದ್ದ. ಪಕ್ಕದಲ್ಲಿ ಆಕೆಯೂ ಮುದುಡಿಕೊಂಡು, ಅವನ ಬೆನ್ನ ಮೇಲೆ ಕೈಯಿಟ್ಟು, ನಾನೆಂದೂ ಕೇಳದ ಪಿಸುದನಿಯಲ್ಲಿ ಏನೋ ಹೇಳುತ್ತಿದ್ದಳು. ನಾನು ಮುಜುಗರಪಟ್ಟು ಹಿಂದೆ ಸರಿದೆ. ಆಕೆ ಮೇಜಿನಡಿಯಿಂದ ತಲೆ ಹೊರಹಾಕಿ, "ಯಾಕಕ್ಕಾ ಓಡ್ತೀರಿ? ನಾವೇನು ಕದ್ದುಮುಚ್ಚಿ ಕೂತಿದೀವಾ? ಜಾಗ ಇದೆ, ನೀವೂ ಬನ್ನಿ" ಎಂದಳು.