ಹೊನ್ನು ಬಂದಳು, ಕೈ ಎತ್ತಿ

ನನ್ನ ಮಧ್ಯಾಹ್ನದ ನಿದ್ದೆ ಹಾಳು ಮಾಡಿದ ಹೆಂಗಸನ್ನು ಹೊಗಳಿ ಬರೆಯುವ ಪ್ರಸಂಗ ಬಂದಿದೆ. ಮೂವತ್ತು ವರ್ಷ ಅಂಕೋಲಾ-ಕಾರವಾರ ಬಸ್ಸಿನಲ್ಲಿ ಕಂಡಕ್ಟರನಾಗಿ ನಿಂತೇ ದುಡಿದವನು ನಾನು. ನಿವೃತ್ತಿಯಾದ ಮೇಲೆ ಬೇಕಾಗಿದ್ದು ಊಟದ ನಂತರ ಎರಡು ತಾಸು ನಿದ್ದೆ, ಅಷ್ಟೇ.

ಹೊನ್ನು ನಮ್ಮ ಹಟ್ಟಿಕೇರಿಯ ಆಶಾ ಕಾರ್ಯಕರ್ತೆ. ಲಸಿಕೆ, ಬಾಣಂತಿ, ಸೊಳ್ಳೆ ಎಂದು ಓಡಾಡಿಕೊಂಡು ಸುಮ್ಮನಿದ್ದಳು. ಬೈತಖೋಲ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ನಮ್ಮ ಕೆಲವು ಹುಡುಗರಿಗೆ ಬೆನ್ನುನೋವಿನ ಗುಳಿಗೆ ಒಂದು ಎರಡಾಗಿ, ಎರಡು ಆರಾಗಿ, ಬಿಡಲಾಗದ ಚಟವಾಗಿತ್ತು. ಪಕ್ಕದೂರಿನಲ್ಲಿ ಅದೇ ಗುಳಿಗೆ ಹೆಚ್ಚಾಗಿ ಒಬ್ಬ ಮಲಗಿದಲ್ಲೇ ಹೋದ. ಮನೆಯವರು ಸಂಜೆಯವರೆಗೂ ನಿದ್ದೆಯೆಂದೇ ತಿಳಿದಿದ್ದರು.

ಆಮೇಲೆ ಆಶಾ ಕಾರ್ಯಕರ್ತೆಯರಿಗೆ ತರಬೇತಿ ನಡೆಯಿತು. ಮಲಗಿದವನನ್ನು ಕರೆಯಿರಿ, ಏಳದಿದ್ದರೆ ಎದೆಮೂಳೆಯನ್ನು ಬೆರಳಗೆಣ್ಣಿನಿಂದ ಗಟ್ಟಿಯಾಗಿ ತಿಕ್ಕಿ, ಆಗಲೂ ಏಳದೆ ಉಸಿರು ಕುಗ್ಗಿದ್ದರೆ ಗುಳಿಗೆಯ ಅಮಲು ಇಳಿಸುವ ಈ ಔಷಧಿಯನ್ನು ಮೂಗಿಗೆ ಹೊಡೆದು 108ಕ್ಕೆ ಫೋನ್ ಮಾಡಿ ಎಂದು ಆರೋಗ್ಯ ಕೇಂದ್ರದ ಲಲಿತಾ ಸಿಸ್ಟರ್ ಹೇಳಿಕೊಟ್ಟರು. ಯಾರು ಮಲಗಿದರೆ ಎಂದು ಹೊನ್ನು ಕೇಳಲಿಲ್ಲ. ಊರಲ್ಲಿ ಯಾರೇ ಮಲಗಿದರೂ ಎಂದುಕೊಂಡಳು.

ಅಲ್ಲಿಂದ ನಮ್ಮ ಗ್ರಹಚಾರ ಶುರು. ದಿನಾ ಮಧ್ಯಾಹ್ನ ಜಗುಲಿಗೆ ಬಂದು "ಕಂಡಕ್ಟ್ರೆ, ಜೀವ ಅದ್ಯಾ?" ಎನ್ನುತ್ತಿದ್ದಳು. ಉತ್ತರ ಕೊಡುವ ಮೊದಲೇ ಎದೆಯ ಮೇಲೆ ಗೆಣ್ಣು. ಎಂಬತ್ತು ದಾಟಿದ ಕುಪ್ಪಜ್ಜನನ್ನೂ ಬಿಡಲಿಲ್ಲ. "ನಂಗೆ ಗುಳಿಗೆನೂ ಇಲ್ಲ, ಹಲ್ಲೂ ಇಲ್ಲ, ಬಿಡೇ ನನ್ನ!" ಎಂದು ಅಜ್ಜ ಕೂಗಿದ್ದು ಹೆದ್ದಾರಿಯವರೆಗೆ ಕೇಳಿಸಿತು.

ಕೊನೆಗೆ ನಾವೇ ಉಪಾಯ ಹುಡುಕಿದೆವು. ಅವಳ ಚಪ್ಪಲಿಯ ಸದ್ದು ಕೇಳಿದೊಡನೆ ಕಣ್ಣು ಬಿಡದೆ ಬಲಗೈ ಎತ್ತುವುದು. ಕೈ ಕಂಡರೆ ಅವಳು ಮುಂದಿನ ಮನೆಗೆ. ತಿಂಗಳೊಳಗೆ ಇಡೀ ಕೇರಿಗೆ ಇದು ರೂಢಿಯಾಯಿತು. ಕುಪ್ಪಜ್ಜನಂತೂ ಪೋಸ್ಟ್‌ಮನ್ ಬಂದರೂ ಕೈ ಎತ್ತುತ್ತಿದ್ದ.

ಒಂದು ಮಧ್ಯಾಹ್ನ ಎದುರುಮನೆ ತಿಮ್ಮಿಯ ಜಗುಲಿಯಲ್ಲಿ ಅವಳ ಮಗ ವಿನೋದನ ಕೈ ಏಳಲಿಲ್ಲ.

"ರಾತ್ರಿ ಪೂರಾ ಬುಟ್ಟಿ ಹೊತ್ಕಂಡು ಬಂದಾನೆ, ಮನ್ಗಲಿ ಬಿಡೇ," ಎಂದಳು ತಿಮ್ಮಿ. ನಾನೂ ನನ್ನ ಜಗುಲಿಯಿಂದ ಅದನ್ನೇ ಹೇಳಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೊನ್ನು ಎದೆ ತಿಕ್ಕಿದಳು. ಅವನು ಮಿಸುಕಲಿಲ್ಲ. ತುಟಿ ನೀಲಿಯಾಗಿತ್ತು.

"ಕಂಡಕ್ಟ್ರೆ, 108ಕ್ಕೆ ಫೋನ್ ಮಾಡಿ!" ಎಂದು ಕೂಗಿ, ಚೀಲದಿಂದ ಔಷಧಿ ತೆಗೆದು ಅವನ ಮೂಗಿಗೆ ಹೊಡೆದಳು. ತಿಮ್ಮಿ ಮಗನ ಕಾಲು ಹಿಡಿದು ಕೂತಳು. ನಾನು 108ಕ್ಕೆ ಫೋನ್ ಮಾಡಿ ಊರಿನ ಹೆಸರನ್ನು ಎರಡೆರಡು ಸಲ ಹೇಳಿದೆ. ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ.

ಎರಡು ಮೂರು ನಿಮಿಷವಾಗಿರಬೇಕು. ವಿನೋದ ಒಮ್ಮೆಲೇ ಉಸಿರೆಳೆದು ಕಣ್ಣು ಬಿಟ್ಟ. ಎದುರಿಗೆ ಹೊನ್ನುವಿನ ಮುಖ ಕಂಡದ್ದೇ ತಡ, ಮೆಲ್ಲಗೆ ಬಲಗೈ ಎತ್ತಿದ.

"ಈಗ ಬಂತಾ ಕೈ ಎತ್ತೂಕೆ?" ಎಂದು ಬೈದ ಹೊನ್ನು ಆ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ನಾನೂ ಅತ್ತೆ.

ಅಂದು 108ರಲ್ಲಿ ಆಸ್ಪತ್ರೆಗೆ ಹೋಗಿ ಬಂದ ವಿನೋದ ಈಗ ದಿನಾ ಕಾರವಾರಕ್ಕೆ ಹೋಗಿ, ಚಟ ಬಿಡಿಸುವ ಗುಳಿಗೆಯನ್ನು ನರ್ಸ್ ಎದುರೇ ನಾಲಿಗೆಯಡಿ ಇಟ್ಟುಕೊಂಡು ಬರುತ್ತಾನೆ. ಮೊನ್ನೆ ಅವನು ಬಸ್ಸಿಳಿದು ಬರುವಾಗ, ಬಿಸಿಲಲ್ಲಿ ಸುತ್ತಿ ದಣಿದ ಹೊನ್ನು ನನ್ನ ಜಗುಲಿಯಲ್ಲೇ ನಿದ್ದೆ ಹೋಗಿದ್ದಳು. ಅವನು ಅಂಗಳದಲ್ಲಿ ನಿಂತ.

"ಹೊನ್ನಕ್ಕ, ಜೀವ ಅದ್ಯಾ?"

ಅವಳು ಕಣ್ಣು ಬಿಡದೆ ಕೈ ಎತ್ತಿದಳು. ಅದನ್ನು ನೋಡಿಯೇ ಅವನು ಮನೆಗೆ ಹೋದ.